ಹತ್ತು ಕೋಲಿನ ಜಪಸರ

ಬಣ್ಣದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ನೀಲಕ್ಕ ಎಂದೇ ಕರೆಯುತ್ತಿದ್ದರು. ಅದು ತಂದೆತಾಯಿ ಇಟ್ಟ ಹೆಸರಲ್ಲ, ನೀಲಿ ತೊಟ್ಟಿ ಇಟ್ಟ ಹೆಸರು. ಮೂವತ್ತೊಂದು ವರ್ಷ ಒಂದೇ ತೊಟ್ಟಿಯ ಮುಂದೆ ನಿಂತವಳ ಉಗುರಿನ ಬುಡ, ಅಂಗೈಯ ಗೆರೆ ಎಲ್ಲವೂ ನೀಲಿಯಾಗಿ ಹೋಗಿದ್ದವು. ಯಾವ ಸಾಬೂನಿಗೂ ಆ ಬಣ್ಣ ಬಗ್ಗುತ್ತಿರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿಟ್ಟಿದ್ದಾರೆ. ಕೈ ನೀಲಿಯಾದರೆ ಬಾಯಿ ಏನಾಗುತ್ತದೆ ಎಂದು ಹೇಳಿಲ್ಲ. ನೀಲಕ್ಕನ ಬಾಯಿಯಂತೂ ಜಪಸರವಾಯಿತು.

ಅದು ಹೇಗೆಂದು ತಿಳಿಯಬೇಕಾದರೆ ಮೊದಲು ತೊಟ್ಟಿಯನ್ನು ನೋಡಬೇಕು. ಸೊಂಟದೆತ್ತರದ ಸಿಮೆಂಟಿನ ಉದ್ದನೆಯ ತೊಟ್ಟಿ, ತಳದಲ್ಲಿ ಹಬೆಯ ಕೊಳವೆ. ಎರಡು ಅಂಚಿಗೂ ತಾಗುವಂತೆ ಅಡ್ಡಲಾಗಿ ಹತ್ತು ಕೋಲುಗಳು. ಒಂದೊಂದು ಕೋಲಿಗೂ ನೂಲಿನ ಲಡಿಗಳನ್ನು ತೂಗುಹಾಕಿ ಬಿಸಿ ಬಣ್ಣದ ನೀರಿಗೆ ಇಳಿಬಿಡಬೇಕು. ಲಡಿಯ ಮೇಲಿನ ತುದಿ ಕೋಲಿನ ಮೇಲೆ ಒಣಗಿಯೇ ಉಳಿಯುವುದರಿಂದ, ಸರದಿಯ ಪ್ರಕಾರ ಕೋಲನ್ನು ಎತ್ತಿ, ಲಡಿಯನ್ನು ತಿರುಗಿಸಿ, ಮೇಲಿದ್ದದ್ದನ್ನು ಕೆಳಗೆ ಮಾಡಿ ಮತ್ತೆ ಇಳಿಸುತ್ತಿರಬೇಕು. ಒಬ್ಬರ ಕೈಯಲ್ಲಾಗುವ ಕೆಲಸವಲ್ಲ. ತೊಟ್ಟಿಯ ಈಚೆಗೊಬ್ಬರು, ಆಚೆಗೊಬ್ಬರು ಎದುರುಬದುರು ನಿಂತು ಒಟ್ಟಿಗೆ ಎತ್ತಿ ಒಟ್ಟಿಗೆ ಇಳಿಸಬೇಕು. ಒಬ್ಬರು ಮುಂದಾಗಿ ಇನ್ನೊಬ್ಬರು ಹಿಂದಾದರೆ ನೂಲಿನ ಮೇಲೆ ಪಟ್ಟೆ ಬೀಳುತ್ತದೆ, ಯಜಮಾನರ ಬಾಯಿಂದ ಬೈಗುಳ ಬೀಳುತ್ತದೆ.

ನೀಲಕ್ಕನಿಗೆ ಈ ತೊಟ್ಟಿ ಅತ್ತೆಯಿಂದ ಬಂದದ್ದು. ಬೇರೆ ಅತ್ತೆಯರು ಸೊಸೆಗೆ ಬಳೆಯನ್ನೋ ಸರವನ್ನೋ ಕೊಟ್ಟರೆ ಈ ಅತ್ತೆ ಮದುವೆಯಾದ ಮೂರನೆಯ ತಿಂಗಳಿಗೇ ಸೊಸೆಯನ್ನು ತೊಟ್ಟಿಯ ಮುಂದೆ ತಂದು ನಿಲ್ಲಿಸಿದಳು. ಅತ್ತೆಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಮಾತೆ ಮರಿಯಮ್ಮನವರ ಜಪಸರ ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು. ಜಪಸರದಲ್ಲಿ ಹತ್ತು ಹತ್ತು ಮಣಿಗಳ ಐದು ಸುತ್ತು. ಮಣಿಗೊಂದು 'ನಮೋ ಮರಿಯ', ಸುತ್ತಿಗೂ ಸುತ್ತಿಗೂ ನಡುವೆ ಪರಲೋಕದ ತಂದೆಗೊಂದು ಪ್ರಾರ್ಥನೆ. ತೊಟ್ಟಿಯಲ್ಲಿ ಹತ್ತು ಕೋಲು ಇದ್ದವಲ್ಲ, ಅಷ್ಟು ಸಾಕಾಯಿತು. ಕೋಲಿಗೊಂದು ನಮೋ ಮರಿಯ ಹೇಳುತ್ತಾ ತಿರುಗಿಸಿಕೊಂಡು ಹೋದರೆ ತೊಟ್ಟಿಯ ತುದಿ ಮುಟ್ಟುವಾಗ ಒಂದು ಸುತ್ತು ಮುಗಿಯುತ್ತದೆ; ತುದಿಯಿಂದ ಮತ್ತೆ ತಲೆಗೆ ನಡೆದು ಬರುವಷ್ಟರಲ್ಲಿ ಪರಲೋಕದ ತಂದೆಯ ಪ್ರಾರ್ಥನೆ ಮುಗಿಯುತ್ತದೆ. ತಿಳಿನೀಲಿಗೆ ಎರಡು ಸುತ್ತು. ಶಾಲೆಯ ಸಮವಸ್ತ್ರದ ನೀಲಿಗೆ ಐದು ಸುತ್ತು, ಎಂದರೆ ಒಂದು ಪೂರ್ತಿ ಜಪಸರ. ಕಡುನೀಲಿಗೆ ಮೂರು ಜಪಸರ.

"ಕಣ್ಣನ್ನ ನಂಬಬೇಡ, ಒದ್ದೆ ನೂಲು ಯಾವಾಗಲೂ ಕಡುವಾಗೇ ಕಾಣುತ್ತೆ. ಅಮ್ಮನವರನ್ನ ನಂಬು," ಎಂದಿದ್ದಳು ಅತ್ತೆ. ನೀಲಕ್ಕ ನಂಬಿದಳು. ಬಣ್ಣ ಮೂವತ್ತೊಂದು ವರ್ಷವೂ ಕೈಕೊಡಲಿಲ್ಲ, ಒಂದೇ ಒಂದು ಸಲ ಬಿಟ್ಟು. ಆ ಒಂದು ಸಲದ ಕಥೆ ಆಮೇಲೆ ಬರುತ್ತದೆ.

ಹಳೆಯ ಯಜಮಾನರು ಹೋಗಿ ಹೊಸ ಯಜಮಾನರು ಬಂದಾಗ ಅವರಿಗೆ ಈ ಏರ್ಪಾಡು ನಗೆಪಾಟಲಾಗಿ ಕಂಡಿತು. ಗೋಡೆಗೆ ದೊಡ್ಡ ಗಡಿಯಾರ ತೂಗುಹಾಕಿಸಿದರು. ಎರಡು ದಿನ ಸ್ಟೂಲಿನ ಮೇಲೆ ಕೂತು, ನೀಲಕ್ಕನ ಒಂದೊಂದು ಸುತ್ತಿಗೆ ಎಷ್ಟು ನಿಮಿಷವಾಗುತ್ತದೆ ಎಂದು ನೋಡಿ ಹಲಗೆಯ ಮೇಲೆ ಬರೆದರು. ಮೂರನೆಯ ದಿನ ಗಡಿಯಾರ ನೋಡಿ ತೆಗೆದ ನೂಲು ಬಿಸಿಲಿಗೆ ಒಣಗಿದ ಮೇಲೆ ತೊಳೆದಿಟ್ಟ ಹಾಗೆ ಬಿಳಿಚಿಕೊಂಡಿತ್ತು. ಯಜಮಾನರಿಗೆ ತಿಳಿಯದೇ ಇದ್ದದ್ದು ಇಷ್ಟೇ: ಹಬೆ ಕಡಿಮೆಯಾದ ದಿನ ನೀಲಕ್ಕನ ನಮೋ ಮರಿಯ ತಾನಾಗಿಯೇ ಉದ್ದವಾಗುತ್ತಿತ್ತು, ಹಬೆ ಜೋರಾದ ದಿನ ಚುರುಕಾಗುತ್ತಿತ್ತು. ಅದು ಅವಳಿಗೂ ತಿಳಿದಿರಲಿಲ್ಲ. ಕೊನೆಗೆ ಯಜಮಾನರು ಹಲಗೆ ಒರೆಸಿದರು. ಗಡಿಯಾರ ಅಲ್ಲಿಯೇ ಉಳಿಯಿತು, ಹಬೆ ಕುಡಿದು ಕುಡಿದು ಆರು ತಿಂಗಳಿಗೆ ನಿಂತೂ ಹೋಯಿತು.

ಇನ್ನು ತೊಟ್ಟಿಯ ಆಚೆ ಬದಿಯವಳ ವಿಷಯ. ಅವಳಿಗೆ ಗೊಣಗಮ್ಮ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಬಿಸಿಲಿದ್ದರೆ ಬಿಸಿಲು ಎಂದು ಗೊಣಗುವಳು, ಮೋಡವಿದ್ದರೆ ನೂಲು ಒಣಗಲ್ಲ ಎಂದು ಗೊಣಗುವಳು. ನೀಲಕ್ಕನಿಗಿಂತ ಮೂರು ವರ್ಷ ದೊಡ್ಡವಳು, ಕಡ್ಡಿಯಂಥ ಮೈ, ಕೋಲು ಎತ್ತುವಾಗ ಮಾತ್ರ ಎಲ್ಲಿಂದಲೋ ಬರುವ ಬಲ. ಗಂಡ ಬಹಳ ಹಿಂದೆಯೇ ತೀರಿಹೋಗಿದ್ದ. ಒಬ್ಬಳೇ ಮಗಳು, ಹತ್ತೊಂಬತ್ತನೆಯ ವಯಸ್ಸಿಗೆ ತಾಯಿಯ ಜೊತೆ ಜಗಳವಾಡಿ ಬಟ್ಟೆಯ ಗಂಟು ಕಟ್ಟಿಕೊಂಡು ಹೊರಟವಳು ತಿರುಗಿ ಬಂದಿರಲಿಲ್ಲ. ಅದಾದ ವರ್ಷವೇ ಗೊಣಗಮ್ಮ ಈ ಕೆಲಸಕ್ಕೆ ಸೇರಿದ್ದು. ಮಗಳ ಮಾತೆತ್ತಿದರೆ "ಹೋದವಳು ಹೋದಳು" ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಿದ್ದಳು. ನೀಲಕ್ಕ ಒಂದೇ ಒಂದು ಸಲ ಕೇಳಿದ್ದಳು. ಎರಡನೆಯ ಸಲ ಕೇಳುವ ಧೈರ್ಯ ಇಪ್ಪತ್ತೆರಡು ವರ್ಷದಲ್ಲಿ ಬರಲಿಲ್ಲ.

ದೇವರ ವಿಷಯದಲ್ಲಿಯೂ ಗೊಣಗಮ್ಮನದು ಅಷ್ಟೇ ಖಡಾಖಂಡಿತ. ಯಾವ ಗುಡಿಗೂ ಹೋಗುವವಳಲ್ಲ, ಯಾವ ಚರ್ಚಿಗೂ ಹೋಗುವವಳಲ್ಲ. ದೇವರು ಇದ್ದಿದ್ದರೆ ತನ್ನ ಸೊಂಟನೋವು ಅವನಿಗೂ ಗೊತ್ತಾಗಬೇಕಿತ್ತು ಎನ್ನುವುದು ಅವಳ ವಾದ. ಹೇಳಿದ್ದನ್ನೇ ಹೇಳುತ್ತೀಯಲ್ಲ, ನಿನ್ನ ಅಮ್ಮನವರಿಗೆ ಕಿವಿ ಮಂದವೋ ಹೇಗೆ ಎಂದು ನೀಲಕ್ಕನನ್ನು ಕೆಣಕುವುದು ದಿನದ ವಾಡಿಕೆಯಾಗಿತ್ತು. ಹಾಗೆಂದು ನೀಲಕ್ಕ ದನಿ ತಗ್ಗಿಸಿದರೆ ಅದಕ್ಕೂ ಸಿಡುಕು: ಗುಣುಗುಣು ಅನ್ನಬೇಡ, ಬಾಯಿ ಬಿಟ್ಟು ಹೇಳು, ಇಲ್ಲದಿದ್ದರೆ ಕೋಲು ಎತ್ತುವುದು ಹೇಗೆ ತಿಳಿಯಬೇಕು? ಇಬ್ಬರ ಸ್ನೇಹ ಇಷ್ಟರ ಮೇಲೆಯೇ ನಿಂತಿತ್ತು. ಒಬ್ಬರ ಮನೆಗೆ ಒಬ್ಬರು ಹೋದದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ. ಆದರೆ ದಿನಕ್ಕೆ ಎಂಟು ಗಂಟೆ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತವರಿಗೆ ಮನೆಯಲ್ಲಿ ನೋಡುವುದಕ್ಕೆ ಉಳಿದಿರುವುದಾದರೂ ಏನು?

ಈಗ ಆ ಒಂದು ಸಲದ ಕಥೆ. ಹನ್ನೆರಡು ವರ್ಷದ ಹಿಂದೆ ಚರ್ಚಿಗೆ ಹೊಸ ಗುರುಗಳು ಬಂದರು. ಜಪಸರದ ಪ್ರತಿ ಸುತ್ತಿನ ಕೊನೆಗೆ ಪಾಪಿಗಳ ಆತ್ಮಕ್ಕಾಗಿ ಒಂದು ಚಿಕ್ಕ ಪ್ರಾರ್ಥನೆ ಸೇರಿಸಿರಿ ಎಂದು ಭಾನುವಾರದ ಪ್ರಸಂಗದಲ್ಲಿ ಹೇಳಿದರು. ನೀಲಕ್ಕ ಗುರುಗಳ ಮಾತು ಮೀರುವವಳಲ್ಲ. ಸೋಮವಾರ ಬೆಳಗ್ಗೆಯೇ ಶುರುಮಾಡಿದಳು. ಆ ವಾರದ ಸಮವಸ್ತ್ರದ ನೀಲಿ ಒಂದು ಪಟ್ಟು ಕಡುವಾಗಿ ಬಂತು. ಮುಂದಿನ ವಾರದ್ದೂ ಹಾಗೆಯೇ. ಒಂದೇ ಶಾಲೆಯಲ್ಲಿ ಅಣ್ಣನದೊಂದು ನೀಲಿ, ತಮ್ಮನದೊಂದು ನೀಲಿ ಎಂದು ಶಾಲೆಯವರು ದೂರು ಹೇಳಿಕೊಂಡು ಬಂದರು. ಯಜಮಾನರು ಬಣ್ಣದ ಪುಡಿ ಬದಲಾಯಿಸಿದರು, ಉಪ್ಪು ಕಡಿಮೆ ಮಾಡಿದರು, ನೀರನ್ನು ಪರೀಕ್ಷೆಗೆ ಕಳಿಸಿದರು. ಕೊನೆಗೆ ಗೊಣಗಮ್ಮನೇ ಯಜಮಾನರ ಕೋಣೆಗೆ ಹೋಗಿ, ಪುಡಿಯದೂ ತಪ್ಪಲ್ಲ ನೀರಿನದೂ ತಪ್ಪಲ್ಲ, ಇವಳು ಜಪಕ್ಕೆ ಹೊಸದಾಗಿ ಬಾಲ ಸೇರಿಸಿದ್ದಾಳೆ, ಮೊದಲು ಅದನ್ನು ಕತ್ತರಿಸಿ ಎಂದು ಹೇಳಿ ಬಂದಳು.

ಕತ್ತರಿಸುವುದಕ್ಕೆ ಯಜಮಾನರಿಗೆ ಅಧಿಕಾರ ಎಲ್ಲಿಯದು? ನೀಲಕ್ಕ ಒಪ್ಪಲಿಲ್ಲ. ಯಜಮಾನರು ಚರ್ಚಿನ ಮೆಟ್ಟಿಲನ್ನೇ ತುಳಿಯದವರು, ಪಾಪ, ನೂಲಿನ ಎರಡು ಲಡಿ ಕೈಯಲ್ಲಿ ಹಿಡಿದುಕೊಂಡು ಗುರುಗಳ ಬಳಿಗೇ ಹೋದರು. ಗುರುಗಳು ಎರಡು ಲಡಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮುಂದಿನ ಭಾನುವಾರ ನೀಲಕ್ಕನನ್ನು ಕಂಡಾಗಲೂ ಆ ನಗು ಮುಗಿದಿರಲಿಲ್ಲ.

"ತೊಟ್ಟಿ ಹತ್ರ ಹಳೇ ಥರಾನೇ ಹೇಳಮ್ಮ. ಅಲ್ಲಿ ಹೇಳೋದು ಬಣ್ಣಕ್ಕೆ, ಮನೇಲಿ ಹೇಳೋದು ಅಮ್ಮನವರಿಗೆ," ಎಂದರು.

ತಮಾಷೆಗೆ ಆಡಿದ ಮಾತು. ಆಡಿದವರು ಆ ಸಂಜೆಗೇ ಮರೆತಿರಬೇಕು. ನೀಲಕ್ಕನ ಎದೆಯಲ್ಲಿ ಮಾತ್ರ ಅದು ಮುಳ್ಳಿನ ಹಾಗೆ ಕೂತುಬಿಟ್ಟಿತು. ಹೌದಲ್ಲ ಎನ್ನಿಸಿತು ಅವಳಿಗೆ. ದಿನಕ್ಕೆ ಹತ್ತು ಹನ್ನೆರಡು ಜಪಸರ ಹೇಳುತ್ತೇನೆ, ಕನ್ಯಾಮಠದ ಸಿಸ್ಟರುಗಳೂ ಅಷ್ಟು ಹೇಳಿರಲಾರರು. ಆದರೆ ಒಂದರಲ್ಲಾದರೂ ಅಮ್ಮನವರು ನೆನಪಿಗೆ ಬಂದಿದ್ದಾರೆಯೇ? ಬಾಯಿ ನಮೋ ಮರಿಯ ಅನ್ನುವಾಗ ಕಣ್ಣು ಲಡಿಯ ಮೇಲೆ, ಕಿವಿ ಹಬೆಯ ಸದ್ದಿನ ಮೇಲೆ, ಮನಸ್ಸು ಏಳನೆಯ ಕೋಲಿನ ಲಡಿಯ ಗಂಟು ಬಿಗಿಯಾಗಿದೆಯೋ ಇಲ್ಲವೋ ಎನ್ನುವುದರ ಮೇಲೆ. ಎತ್ತು ಏರಿಗೆ, ಕೋಣ ನೀರಿಗೆ. ಮನೆಯಲ್ಲಿ ಹೇಳೋಣವೆಂದರೆ ಸಂಜೆ ಆರಕ್ಕೆ ಮೊಣಕಾಲೂರಿದ ಗಂಡ, ದಿನವಿಡೀ ಶಾಲೆಯ ಗೇಟು ಕಾದು ಬಂದವನು, ಎರಡನೆಯ ಸುತ್ತಿಗೇ ತೂಕಡಿಸುತ್ತಿದ್ದ. ಮೂರನೆಯ ಸುತ್ತಿಗೆ ನೀಲಕ್ಕನ ಸರದಿ. ಹೀಗೆ ತಾನು ಹುಟ್ಟಿದಾರಭ್ಯ ಒಂದೇ ಒಂದು ನಿಜವಾದ ಜಪಸರ ಹೇಳಿಲ್ಲ ಎಂಬ ಅಳುಕು ಹನ್ನೆರಡು ವರ್ಷ ಅವಳೊಳಗೆ ಬೆಳೆಯಿತು. ಯಾರಿಗೂ ಹೇಳಲಿಲ್ಲ. ಕೆಲಸ ಬಿಟ್ಟ ಮೇಲೆ ನಿಧಾನವಾಗಿ ಕೂತು, ಮನಸ್ಸಿಟ್ಟು ಹೇಳಿದರಾಯಿತು ಎಂದು ಮುಂದೂಡುತ್ತಾ ಬಂದಳು.

ಮುಂದೂಡುವುದಕ್ಕೆ ಆಗದ ದಿನ ಬಂದದ್ದು ಗೊಣಗಮ್ಮ ಹಾಸಿಗೆ ಹಿಡಿದಾಗ. ಕೆಮ್ಮು ಮೊದಲಿನಿಂದಲೂ ಇತ್ತು. ಹಬೆಯಲ್ಲಿ ನಿಂತವರಿಗೆ ಕೆಮ್ಮು ಹೊಸದಲ್ಲ. ಆ ಸಲ ಎಂಟನೆಯ ಕೋಲು ಎತ್ತುವಾಗ ಕೆಮ್ಮಿದವಳು ಕೋಲನ್ನು ಅಂಚಿನ ಮೇಲಿಟ್ಟು, ಹಾಗೆಯೇ ನೆಲಕ್ಕೆ ಕೂತಳು. ದೊಡ್ಡಾಸ್ಪತ್ರೆಗೆ ಸೇರಿಸಿದರು. ಶ್ವಾಸಕೋಶ ಎರಡೂ ಸವೆದುಹೋಗಿವೆ, ವಾರವೋ ತಿಂಗಳೋ ಹೇಳಲಾಗದು ಎಂದು ಡಾಕ್ಟರು ನೀಲಕ್ಕನಿಗೇ ಹೇಳಿದರು, ಯಾಕೆಂದರೆ ಹೇಳುವುದಕ್ಕೆ ಬೇರೆ ಯಾರೂ ಇರಲಿಲ್ಲ.

ಅಂದು ಆಸ್ಪತ್ರೆಯಿಂದ ನಡೆದು ಬರುವಾಗ ನೀಲಕ್ಕ ತೀರ್ಮಾನಿಸಿದಳು. ಗೊಣಗಮ್ಮನಿಗಾಗಿ ಒಂದು ಜಪಸರ ಹೇಳಬೇಕು. ಬಣ್ಣದ್ದಲ್ಲ, ನಿಜವಾದದ್ದು. ಮೊದಲಿನಿಂದ ಕೊನೆಯವರೆಗೆ ಮನಸ್ಸು ಅಲ್ಲಾಡದ ಹಾಗೆ. ಅವಳು ಹೋಗುವ ಮೊದಲು ಹೇಳಿ ಮುಗಿಸಬೇಕು. ಇಪ್ಪತ್ತೆರಡು ವರ್ಷ ಎದುರಿಗೆ ನಿಂತವಳಿಗೆ ಅಷ್ಟೂ ಮಾಡಲಾಗದಿದ್ದರೆ ತಾನು ಜಪ ಹೇಳಿ ಏನು ಬಂತು, ಬಿಟ್ಟು ಏನು ಹೋಯಿತು ಎಂದುಕೊಂಡಳು.

ಮೊದಲ ಸಂಜೆ ಗಂಡನನ್ನು ಪಕ್ಕದ ಮನೆಗೆ ಮಾತಾಡಲು ಕಳಿಸಿ, ಮೂಲೆಯ ಚಿಕ್ಕ ಪೀಠದ ಮುಂದೆ ಮೊಣಕಾಲೂರಿದಳು. ಗೇಣುದ್ದದ ಮಾತೆಯ ಪ್ರತಿಮೆ, ಮುಂದೆ ಒಂದು ಮೋಂಬತ್ತಿ. ಮಣಿ ಹಿಡಿದು ಅಮ್ಮನವರ ಮುಖವನ್ನೇ ನೋಡುತ್ತಾ ಶುರುಮಾಡಿದಳು. ನಾಲ್ಕನೆಯ ಮಣಿಗೆ ಕಣ್ಣು ಮುಖದಿಂದ ಮೇಲ್ಹೊದಿಕೆಗೆ ಇಳಿಯಿತು. ಇದು ಎರಡು ಸುತ್ತಿನ ನೀಲಿ ಎಂದಿತು ಮನಸ್ಸು. ಅಂಚಿನಲ್ಲಿ ಯಾಕೋ ಸಮನಾಗಿಲ್ಲ, ಬಳಿದವನು ಅವಸರ ಮಾಡಿದ್ದಾನೆ. ಅಲ್ಲಿಂದ ಮುಂದೆ ಆ ಅಂಚನ್ನು ಹೇಗೆ ಸರಿಮಾಡಬಹುದಿತ್ತು ಎಂದು ಯೋಚಿಸುತ್ತಲೇ ಐದು ಸುತ್ತು ಮುಗಿದವು. ನಾಚಿಕೆಯಿಂದ ಅಮ್ಮನವರ ಕಡೆ ನೋಡದೆ ಎದ್ದು ಮೋಂಬತ್ತಿ ಆರಿಸಿದಳು.

ಎರಡನೆಯ ಸಂಜೆ ಚರ್ಚಿಗೇ ಹೋದಳು. ಯಾರೂ ಇಲ್ಲದ ಹೊತ್ತು ನೋಡಿ ಹಿಂದಿನ ಬೆಂಚಿನ ಬಳಿ ನಿಂತು ಕಣ್ಣುಮುಚ್ಚಿ ಹೇಳಿದಳು. ಈ ಸಲ ನೀಲಿಯೂ ಕಾಣಲಿಲ್ಲ, ಏನೂ ಕಾಣಲಿಲ್ಲ. ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಭುಜದ ಮೇಲೆ ಯಾರದೋ ಕೈ ಬಿತ್ತು. ಚರ್ಚಿನ ಕಸ ಗುಡಿಸುವ ಹೆಂಗಸು. ಏನಕ್ಕ, ಏನಾದರೂ ಕಳೆದುಹೋಯಿತೇ, ಆಗಿನಿಂದ ಬೆಂಚಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಲೇ ಇದ್ದೀರಲ್ಲ ಎಂದು ಕೇಳಿದಳು. ನೀಲಕ್ಕ ನೋಡಿಕೊಂಡಳು. ಹೌದು, ಕಾಲುಗಳು ತಾವಾಗಿಯೇ ತೊಟ್ಟಿಯ ಉದ್ದಕ್ಕೆ ನಡೆದುಬಿಟ್ಟಿದ್ದವು. ಮೂರನೆಯ ಸಂಜೆ ಕುರ್ಚಿಯ ಮೇಲೆ ಅಲ್ಲಾಡದೆ ಕೂತು ಹೇಳಿದಳು. ಎಚ್ಚರವಾದಾಗ ಗಂಡ ಹೊದಿಕೆ ಹೊದಿಸುತ್ತಿದ್ದ.

ಶನಿವಾರ ಪಾಪನಿವೇದನೆಗೆ ಹೋದಳು. ಅದೇ ಗುರುಗಳು, ಈಗ ತಲೆಯೆಲ್ಲ ನರೆತು ಕಿವಿ ಸ್ವಲ್ಪ ಮಂದವಾಗಿತ್ತು. ಜಾಲರಿಯ ಆಚೆಗೆ ಅವಳು ಎಲ್ಲವನ್ನೂ ಹೇಳಿಕೊಂಡಳು. ಮೂವತ್ತೊಂದು ವರ್ಷ ಅಮ್ಮನವರ ಹೆಸರು ಹೇಳಿ ಬಣ್ಣ ಹಾಕಿದ್ದು, ಈಗ ಗೆಳತಿಗಾಗಿ ಒಂದು ಜಪಸರವೂ ಆಗದೆ ಇರುವುದು. ಆ ಮುಳ್ಳು ಚುಚ್ಚಿದವರು ಅವರೇ ಎಂದು ಮಾತ್ರ ಹೇಳಲಿಲ್ಲ. ಮನಸ್ಸು ಓಡಿದರೆ ಹಿಡಿದು ತರಬೇಕು, ಮತ್ತೆ ಓಡಿದರೆ ಮತ್ತೆ ತರಬೇಕು, ಅಮ್ಮನವರಿಗೆ ತಾಳ್ಮೆ ಹೆಚ್ಚು ಎಂದರು ಗುರುಗಳು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿತ್ತು ಮಾತು. ಆಮೇಲೆ ಪ್ರಾಯಶ್ಚಿತ್ತ ವಿಧಿಸಿದರು: ಒಂದು ಜಪಸರ ಹೇಳಬೇಕು. ಈಜು ಬಾರದವಳು ಹೊಳೆಗೆ ಬಿದ್ದಳೆಂದು ಅಳುತ್ತಾ ಬಂದರೆ, ಹೋಗು ಇನ್ನೊಂದು ಸಲ ಬೀಳು ಎಂದ ಹಾಗಾಯಿತು. ನೀಲಕ್ಕನಿಗೆ ಅಳುವಿನ ನಡುವೆಯೂ ನಗು ಬಂತು.

ಭಾನುವಾರ ನಾಲ್ಕಕ್ಕೆ ಆಸ್ಪತ್ರೆಯ ಬಾಗಿಲು ತೆರೆಯುತ್ತಲೇ ಹೋದಳು. ಉದ್ದನೆಯ ವಾರ್ಡು, ಎರಡು ಸಾಲಿನಲ್ಲಿ ಹಾಸಿಗೆಗಳು, ಕಿಟಕಿಯ ಪಕ್ಕದ್ದು ಗೊಣಗಮ್ಮನದು. ನಾಲ್ಕು ದಿನದಲ್ಲಿ ಇನ್ನಷ್ಟು ಇಳಿದುಹೋಗಿದ್ದಳು. ಹೊದಿಕೆಯ ಕೆಳಗೆ ಮೈ ಇದೆಯೋ ಇಲ್ಲವೋ ಎನ್ನುವ ಹಾಗೆ. ಬಾಯಿ ಮಾತ್ರ ಸೋತಿರಲಿಲ್ಲ. ಹಾಸಿಗೆ ಗಟ್ಟಿ, ನರ್ಸಮ್ಮನ ಸೂಜಿ ಮೊಂಡು, ಪಕ್ಕದವಳ ಗೊರಕೆ ರೈಲಿನ ಹಾಗೆ ಎಂದು ಉಸಿರು ಹಿಡಿದು ಹಿಡಿದು ದೂರಿದಳು. ತನ್ನ ಜಾಗಕ್ಕೆ ಯಾರನ್ನು ಹಾಕಿದ್ದಾರೆ ಎಂದು ಕೇಳಿದಳು. ಹೊಸಬಳು, ಕೋಲು ಎತ್ತುವುದಕ್ಕೆ ಮೊದಲೇ ಇಳಿಸುತ್ತಾಳೆ ಎಂದು ನೀಲಕ್ಕ ಹೇಳಿದಾಗ ಅವಳ ಮುಖದಲ್ಲಿ ತೃಪ್ತಿ ಕಾಣಿಸಿಕೊಂಡಿತು. ನೀಲಕ್ಕ ಕಿತ್ತಳೆ ಸುಲಿದು ಒಂದೊಂದೇ ತೊಳೆ ಬಾಯಿಗಿಟ್ಟಳು. ಎರಡಕ್ಕಿಂತ ಹೆಚ್ಚು ಇಳಿಯಲಿಲ್ಲ.

ಮಾತು ಮುಗಿದಾಗ ನೀಲಕ್ಕನಿಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟಳು. ನಿನಗೋಸ್ಕರ ಜಪ ಹೇಳಬೇಕೆಂದುಕೊಂಡೆ, ಮೂರು ಸಂಜೆ ಕೂತೆ, ಆಗಲಿಲ್ಲ. ನನಗೆ ಜಪ ಹೇಳಲು ಬರುವುದೇ ಇಲ್ಲ, ಇಷ್ಟು ವರ್ಷ ಹೇಳಿದ್ದೆಲ್ಲ ಬಣ್ಣಕ್ಕೆ, ಒಂದೂ ಅಮ್ಮನವರಿಗೆ ಮುಟ್ಟಿಲ್ಲ, ಎಲ್ಲ ಖಾಲಿ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು. ದೇವರನ್ನೇ ನಂಬದವಳ ಮುಂದೆ ಇದನ್ನು ಹೇಳುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಗೊಣಗಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಖಾಲಿ ಅಂತ ನಂಗೂ ಗೊತ್ತಿತ್ತು ಕಣೆ," ಎಂದಳು. "ನಿನ್ನ ಕಣ್ಣೆಲ್ಲ ತೊಟ್ಟಿ ಮೇಲೇ ಇರ್ತಿತ್ತು. ಸುಮ್ನೆ ಖಾಲಿ ಹೋಗುತ್ತಲ್ಲ ಅಂತ ನಾನು ನಂದು ಹಾಕ್ದೆ."

"ನಿಂದು ಏನು ಹಾಕ್ದೆ?"

"ನನ್ನ ಮಗಳನ್ನ."

ನೀಲಕ್ಕ ಸುಲಿದ ಕಿತ್ತಳೆಯನ್ನು ಹಾಗೆಯೇ ಕೈಯಲ್ಲಿ ಹಿಡಿದುಕೊಂಡಿದ್ದಳು.

ಉಸಿರು ಸಿಕ್ಕಾಗೊಂದು ಮಾತು, ಇಲ್ಲದಾಗ ಮೌನ, ಹೀಗೆ ಗೊಣಗಮ್ಮ ಹೇಳಿದ್ದನ್ನು ಒಟ್ಟು ಮಾಡಿದರೆ ಇಷ್ಟು. ಕೆಲಸಕ್ಕೆ ಸೇರಿದ ಮೊದಲ ವಾರವೇ ಶುರುವಾದದ್ದು. ಮಗಳು ಎಲ್ಲಿದ್ದಾಳೋ ಗೊತ್ತಿಲ್ಲ, ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ತಿಳಿಯದು. ಕೇಳುವುದಕ್ಕೆ ಮಾತೂ ಬಾರದು. ಎದುರಿಗೆ ನಿಂತವಳು ದಿನಪೂರ್ತಿ ಯಾರನ್ನೋ ಕರೆಯುತ್ತಿದ್ದಾಳೆ, ಕರೆದು ಏನನ್ನೂ ಕೇಳುತ್ತಿಲ್ಲ. ಅದಕ್ಕೇ ಒಂದೊಂದು ಕೋಲು ನೀರಿಗೆ ಇಳಿಯುವಾಗಲೂ ಇವಳು ಒಳಗೊಳಗೇ ಮಗಳ ಹೆಸರು ಹೇಳಿ, ಬದುಕಿರಲಿ ಎಂದುಕೊಳ್ಳುತ್ತಿದ್ದಳು. ಹತ್ತು ಕೋಲಿಗೆ ಹತ್ತು ಸಲ. ಮತ್ತೆ ತಲೆಯಿಂದ ಹತ್ತು ಸಲ. ನೀಲಕ್ಕ ದನಿ ತಗ್ಗಿಸಿದರೆ ಇವಳಿಗೆ ಹೆಸರು ಹಾಕುವ ಜಾಗ ತಪ್ಪಿಹೋಗುತ್ತಿತ್ತು. ಹಾಗೆ ಇಪ್ಪತ್ತೆರಡು ವರ್ಷ.

"ನಂಬ್ತೀನಿ ಅಂತಲ್ಲ. ಖಾಲಿ ಬಸ್ಸು ಹೋಗ್ತಿದ್ರೆ ಹತ್ತಿಕೊಳ್ಳಲ್ವಾ, ಹಾಗೆ," ಎಂದಳು.

ಏನಾದರೂ ತಿಳಿಯಿತೇ ಎಂದು ನೀಲಕ್ಕ ಅಂಜುತ್ತಲೇ ಕೇಳಿದಳು. ಇಪ್ಪತ್ತೆರಡು ವರ್ಷದ ಮೇಲೆ ಎರಡನೆಯ ಸಲ ಕೇಳಿದ ಪ್ರಶ್ನೆ. ನಾಲ್ಕು ವರ್ಷದ ಹಿಂದೆ ಹಳೆಯ ಬೀದಿಯವರೊಬ್ಬರು ಮಗಳನ್ನು ಯಾವುದೋ ರೈಲು ನಿಲ್ದಾಣದಲ್ಲಿ ಕಂಡರಂತೆ. ಕಂಕುಳಲ್ಲೊಂದು ಮಗು ಇತ್ತಂತೆ, ಮೈಕೈ ತುಂಬಿಕೊಂಡಿದ್ದಳಂತೆ. ಮಾತಾಡಿಸುವಷ್ಟರಲ್ಲಿ ರೈಲು ಹೊರಟಿತಂತೆ. ಅಷ್ಟೇ ಸುದ್ದಿ. ಅದು ನಿನ್ನ ಅಮ್ಮನವರು ಮಾಡಿದ್ದೋ ತಾನಾಗಿ ಆದದ್ದೋ ನನಗೇನು ಗೊತ್ತು ಎಂದಳು ಗೊಣಗಮ್ಮ. ನಾನು ಕೇಳಿದ್ದು ಬದುಕಿರಲಿ ಅಂತ, ಬದುಕಿದ್ದಾಳೆ.

ನೀಲಕ್ಕ ಕಿತ್ತಳೆಯನ್ನು ಪಕ್ಕಕ್ಕಿಟ್ಟಳು. ತಾನು ಏಳನೆಯ ಕೋಲಿನ ಗಂಟಿನ ಚಿಂತೆ ಮಾಡುತ್ತಿದ್ದಾಗ, ಒಂದು ಮಾರು ದೂರದಲ್ಲಿ, ಹಬೆಯ ಆಚೆ, ಅದೇ ಮಾತುಗಳ ಮೇಲೆ ಒಬ್ಬ ತಾಯಿ ಮಗಳನ್ನು ಕೂರಿಸಿ ಕಳಿಸುತ್ತಿದ್ದಳು. ತನಗೆ ಒಂದು ದಿನವೂ ತಿಳಿಯಲಿಲ್ಲ. ಅಷ್ಟು ವರ್ಷದ ಅಳುಕು ಒಮ್ಮೆಗೇ ಸಡಿಲಾದಾಗ ಅವಳಿಗೆ ಸಂತೋಷಕ್ಕಿಂತ ಹೆಚ್ಚಾಗಿ ಸುಸ್ತು ಅನ್ನಿಸಿತು. ಗೆಳತಿಯ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಎರಡೂ ಕೈ ಒಂದೇ ನೀಲಿ. ಯಾವ ಬೆರಳು ಯಾರದು ಎಂದು ಹೇಳುವ ಹಾಗಿರಲಿಲ್ಲ.

"ಈಗ ಹೇಳು," ಎಂದಳು ಗೊಣಗಮ್ಮ. "ನಂಗೆ ಹಾಕೋಕೆ ಉಸಿರು ಸಾಲಲ್ಲ. ಈ ಸಲ ಅವಳನ್ನ ನೀನೇ ಹಾಕು."

"ಅವಳ ಹೆಸರು ಹೇಳು ಮತ್ತೆ."

ಗೊಣಗಮ್ಮ ಹೇಳಿದಳು. ಆ ಹೆಸರನ್ನು ಇಲ್ಲಿ ಬರೆಯುವುದು ಬೇಡ, ಅದು ಅವರಿಬ್ಬರ ನಡುವಿನದು. ಹೇಳಿ, ಗೋಡೆಗೆ ಹೇಳುವವಳ ಹಾಗೆ ಇನ್ನೊಂದು ಮಾತು ಸೇರಿಸಿದಳು: "ಜಾಗ ಇದ್ರೆ ನನ್ನನ್ನೂ."

ನೀಲಕ್ಕ ಶಿಲುಬೆಯ ಗುರುತು ಹಾಕಿ ಶುರುಮಾಡಿದಳು. ಜಪಸರ ಚೀಲದಲ್ಲಿತ್ತು, ತೆಗೆಯಲಿಲ್ಲ. ಕೈ ಗೊಣಗಮ್ಮನ ಕೈಯಲ್ಲಿತ್ತು. ತೊಟ್ಟಿಯ ಬಳಿ ಹೇಳುವ ಅದೇ ದನಿ, ಅದೇ ಎಳೆತ. ಮೊದಲ ನಮೋ ಮರಿಯದಲ್ಲಿ 'ಈಗಲೂ ನಮ್ಮ ಮರಣದ ವೇಳೆಯಲ್ಲಿಯೂ' ಎನ್ನುವ ಕಡೆಗೆ ಬಂದಾಗ ನಿಲ್ಲಿಸಿಬಿಟ್ಟಳು. ಲಕ್ಷ ಸಲವಲ್ಲ, ಅದಕ್ಕಿಂತ ಹೆಚ್ಚು ಸಲ ಅವಳ ಬಾಯಿಂದ ಹೊರಟ ಮಾತು. ಇಷ್ಟು ದಿನ ಅದು ಕೋಲನ್ನು ನೀರಿಗೆ ಇಳಿಸುವ ಗುರುತಷ್ಟೇ ಆಗಿತ್ತು. ಈಗ ಅದರ ಅರ್ಥ ಎದುರಿಗೇ ಮಲಗಿ, ಯಾಕೆ ನಿಲ್ಲಿಸಿದೆ ಎಂದು ಹುಬ್ಬು ಗಂಟಿಕ್ಕಿ ನೋಡುತ್ತಿತ್ತು. ನೀಲಕ್ಕ ಮುಂದೆ ಹೇಳಿದಳು. ಮಗಳ ಹೆಸರು ಹಾಕಿದಳು, ತಾಯಿಯದನ್ನೂ ಹಾಕಿದಳು. ಇವಳಿಗೆ ಉಸಿರು ಸಿಗಲಿ ಎಂದು ಬೇಡಿದಳು. ಎಲ್ಲಿಯೋ ಇರುವ ಆ ಹುಡುಗಿಗೆ ಇವತ್ತು, ಈಗ, ತಾಯಿಯ ನೆನಪಾಗಲಿ ಎಂದು ಬೇಡಿದಳು. ಕೊನೆಗೊಮ್ಮೆ, ಇವಳನ್ನು ಇನ್ನೂ ಸ್ವಲ್ಪ ದಿನ ನನಗೇ ಬಿಡಿ ಅಮ್ಮಾ ಎಂದೂ ಬೇಡಿದಳು.

ವಾರ್ಡಿನಲ್ಲಿ ಯಾರೋ ಬಂದರು, ಯಾರೋ ಹೋದರು. ಕಿಟಕಿಯ ಬಿಸಿಲು ಹಾಸಿಗೆಯ ಕಾಲ ಬಳಿಯಿಂದ ನೆಲಕ್ಕೆ ಇಳಿಯಿತು. ನೀಲಕ್ಕ ಅದ್ಯಾವುದನ್ನೂ ನೋಡಲಿಲ್ಲ. ಗೊಣಗಮ್ಮನ ಕಣ್ಣು ಮುಚ್ಚಿದ್ದವು. ಉಸಿರು ನಮೋ ಮರಿಯದ ಜೊತೆ ಏರುತ್ತಿತ್ತು, ಇಳಿಯುತ್ತಿತ್ತು. ನಿದ್ದೆ ಬಂದಿರಬೇಕೆಂದು ನೀಲಕ್ಕ ಒಂದು ಗಳಿಗೆ ನಿಲ್ಲಿಸಿದಳು.

"ಎಷ್ಟು ಸುತ್ತಾಯ್ತು?" ಎಂದು ಕಣ್ಣು ತೆರೆಯದೆಯೇ ಕೇಳಿದಳು ಗೊಣಗಮ್ಮ.

ನೀಲಕ್ಕ ಹೇಳಲು ಬಾಯಿ ತೆರೆದಳು. ಮೂರೋ, ಐದೋ, ಏಳೋ. ಎಷ್ಟು ಹುಡುಕಿದರೂ ಲೆಕ್ಕ ಸಿಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಕೋಲೂ ತಪ್ಪದವಳು ಅವಳು.

"ಗೊತ್ತಿಲ್ಲ ಕಣೆ," ಎಂದಳು. "ತಪ್ಪಿಹೋಯ್ತು."

ಗೊಣಗಮ್ಮ ಒಂದು ಕಣ್ಣು ತೆರೆದು ಅವಳನ್ನು ನೋಡಿದಳು.

"ಹಾಗಾದ್ರೆ ಮೊದಲಿಂದ ಹೇಳು."

ವಾರ್ಡಿನ ಬಾಗಿಲು ಮುಚ್ಚಲು ಇನ್ನೂ ಅರ್ಧ ಗಂಟೆ ಇತ್ತು. ನೀಲಕ್ಕ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡು ಮೊದಲಿನಿಂದ ಹೇಳತೊಡಗಿದಳು.